ಪಂಚಾಯ್ತಿ ಚುನಾವಣೆಗೆ ನಿಲ್ಲೋಣ ಅಂತಿದ್ದೀನಿ, ಆದರೆ ಹೆಸರು ನಂದು ದರ್ಬಾರು ಮೈದುನಂದು ಆಗಬಾರದು

ಟೈಲರಕ್ಕ
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮದುವೆಯಾಗಿ ಈ ಊರಿಗೆ ಬಂದು 11 ವರ್ಷ ಆಯಿತು. ನಮ್ಮ ವಾರ್ಡಿಗೆ ಮೂರು ಸ್ಥಾನ. ಈ ಸಲ ಅದರಲ್ಲಿ ಒಂದು ಹಿಂದುಳಿದ ವರ್ಗ ಅ ಮಹಿಳೆಗೆ ಬರುತ್ತದೆ ಅಂತ ಸುದ್ದಿ ಇದೆ.

ಮೈದುನ ಮೂರು ವರ್ಷದಿಂದ ತಯಾರಿ ಮಾಡಿದ್ದ. ಹುಡುಗರಿಗೆ ವಾಲಿಬಾಲ್ ನೆಟ್ ಕೊಡಿಸಿದ್ದೇನು, ಸಾವಿಗೆ ಮದುವೆಗೆ ಎಲ್ಲರಿಗಿಂತ ಮುಂಚೆ ಹೋಗಿ ನಿಂತಿದ್ದೇನು. ಈಗ ಮಹಿಳೆ ಅಂತ ಗೊತ್ತಾದ ತಕ್ಷಣ ಬಂದು "ಅತ್ತಿಗೆ, ನೀವು ಸುಮ್ನೆ ಸೈನ್ ಹಾಕಿ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದ. ಆ "ಸುಮ್ನೆ" ಅನ್ನೋ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ.

ನನಗೂ ನಿಲ್ಲೋಕೆ ಒಂದು ಕಾರಣ ಇದೆ. ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನೀರು, ಅದೂ ಬೆಳಗಿನ ಜಾವ ನಾಲ್ಕಕ್ಕೆ. ಹಾಲಿ ಮೆಂಬರ್ ಇರೋ ಬೀದಿಗೆ ದಿನಾ ಬರುತ್ತದೆ. ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾಲ್ಕು ತಿಂಗಳಿಂದ ನೀರು ಬಂದ ದಿನ, ಬಿಟ್ಟ ಗಂಟೆ, ನಿಂತ ಗಂಟೆ ಬರೆದಿಟ್ಟಿದ್ದೇನೆ. ಇಷ್ಟು ಇಟ್ಟುಕೊಂಡು ನಿಲ್ಲಬಹುದಾ? ಏನೇನು ಕಾಗದ ಬೇಕು? ನಿಂತು ಸೋತವರು, ಗೆದ್ದವರು ಹೇಳಿ.

ಅರಳಿಕಟ್ಟೆ
ನಿಲ್ಲಿ. ಆ ಪುಸ್ತಕ ಯಾರಿಗೂ ಕೊಡಬೇಡಿ.

ಕೆರೆಏರಿ
ಅಕ್ಕ, ಬೇಜಾರಾಗಬೇಡಿ. ಅಳತೆ ಪುಸ್ತಕಕ್ಕೆ ಯಾರೂ ವೋಟು ಹಾಕುವುದಿಲ್ಲ. ಜಾತಿ ಎಷ್ಟು ಮನೆ, ನೆಂಟರು ಎಷ್ಟು ಮನೆ, ಕೊನೇ ಎರಡು ರಾತ್ರಿ ಯಾರು ಎಷ್ಟು ಹಂಚಿದರು, ಇಷ್ಟೇ ಲೆಕ್ಕ. ಮೊದಲು ನಿಮಗೆ 25 ವರ್ಷ ತುಂಬಿದೆಯಾ, ಎಸ್ಸೆಸ್ಸೆಲ್ಸಿ ಪಾಸಾಗಿದೆಯಾ, ಮಕ್ಕಳು ಎರಡಕ್ಕಿಂತ ಜಾಸ್ತಿ ಇಲ್ಲವಾ ಅಂತ ನೋಡಿಕೊಳ್ಳಿ. ಆಮೇಲೆ ನೀರಿನ ಮಾತು.

ಕಾನೂನು_ಕಡ್ಡಿ
ಕೆರೆಏರಿ ಅವರೇ, ಮೂರಕ್ಕೆ ಮೂರೂ ತಪ್ಪು ಹೇಳಿದ್ದೀರಿ. 25 ವಿಧಾನಸಭೆಗೆ, ಲೋಕಸಭೆಗೆ. ಪಂಚಾಯ್ತಿಗೆ 21 ಸಾಕು. ಓದಿನ ಷರತ್ತು ಹರಿಯಾಣದಲ್ಲಿದೆ, ಕರ್ನಾಟಕದಲ್ಲಿ ಇಲ್ಲ. ಎರಡು ಮಕ್ಕಳ ನಿಯಮವೂ ನಮ್ಮ ಪಂಚಾಯ್ತಿಗೆ ಇಲ್ಲ, ಅದು ಬೇರೆ ಕೆಲವು ರಾಜ್ಯಗಳದ್ದು.

ನಮ್ಮಲ್ಲಿ ಇರುವುದು ಬೇರೆ. ಹೆಸರು ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಇರಬೇಕು. ಮನೆಯಲ್ಲಿ ಶೌಚಾಲಯ ಇರಬೇಕು, ಇದು ಕಾಯ್ದೆಯಲ್ಲೇ ಇದೆ. ಪಂಚಾಯ್ತಿ ಕೆಲಸದ ಗುತ್ತಿಗೆಯಲ್ಲಿ ಪಾಲು ಇರಬಾರದು. ಮನೆ ಕಂದಾಯ, ನೀರಿನ ಕರ ಪೂರ್ತಿ ಕಟ್ಟಿ ಬೇಬಾಕಿ ಪತ್ರ ಈಗಲೇ ತೆಗೆದಿಟ್ಟುಕೊಳ್ಳಿ. ಠೇವಣಿ 2020ರಲ್ಲಿ ಸಾಮಾನ್ಯರಿಗೆ 200 ರೂಪಾಯಿ, ಮಹಿಳೆಯರಿಗೆ, ಮೀಸಲು ವರ್ಗದವರಿಗೆ 100 ಇತ್ತು. ಒಂದು ಬ್ಲೌಸಿನ ಮಜೂರಿ ಅಷ್ಟೇ.

ಟೈಲರಕ್ಕ
ಲೈನಿಂಗ್ ಬ್ಲೌಸಿಗೆ 100 ತಗೊಂಡ್ರೆ ನಾನು ಮಷೀನ್ ಮಾರಬೇಕಾಗುತ್ತದೆ 😄 ಉಳಿದಿದ್ದೆಲ್ಲ ಬರೆದುಕೊಂಡೆ.

ಕೆರೆಏರಿ
ಸರಿ ಕಡ್ಡಿಯವರೇ, ಒಪ್ಪಿದೆ. ಹಂಚುವ ವಿಷಯ ಮಾತ್ರ ಸುಳ್ಳು ಅನ್ನಬೇಡಿ.

ಸೊಪ್ಪಿನಬುಟ್ಟಿ
ಜಾತಿ ಪ್ರಮಾಣಪತ್ರದ ವಿಷಯ ಯಾರೂ ಹೇಳಲಿಲ್ಲ. ಮೀಸಲು ಸ್ಥಾನಕ್ಕೆ ಅದು ಬೇಕೇ ಬೇಕು. ಮದುವೆಯಾದ ಹೆಂಗಸರು ಎಡವುವುದು ಇಲ್ಲೇ. ಜಾತಿ ತಂದೆ ಕಡೆಯಿಂದ, ಗಂಡನ ಕಡೆಯಿಂದ ಅಲ್ಲ. ನನ್ನದು ವೋಟರ್ ಪಟ್ಟಿಯಲ್ಲಿ ಗಂಡನ ಹೆಸರಿನ ಜೊತೆ ಇತ್ತು, ಶಾಲೆ ದಾಖಲೆಯಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಬೇರೆ. ನಾಡಕಚೇರಿಗೆ ಆರು ಸಲ ಅಲೆದೆ. ನಾಮಪತ್ರಕ್ಕೆ ಎರಡೇ ದಿನ ಇದ್ದಾಗ ಪತ್ರ ಕೈಗೆ ಬಂತು. ತವರಿಗೆ ಹೋಗಿ ಶಾಲೆ ದಾಖಲೆ ಈಗಲೇ ತನ್ನಿ.

ಹಳೇಮೆಂಬರ್
ಎರಡು ಅವಧಿ ಮೆಂಬರ್ ಆಗಿದ್ದೆ, ಮೂರನೆಯದು ಸೋತೆ. ಅಕ್ಕ, ನಿಮ್ಮ ವಾರ್ಡು ಮೂರು ಸ್ಥಾನದ್ದು ಅಂದಿರಲ್ಲ, ಎಲ್ಲಾ ಆಟ ಅದರಲ್ಲೇ ಇದೆ.

ನಮ್ಮ ಕಾಯ್ದೆಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ದೊಡ್ಡ ಊರಾದರೆ ಒಂದೇ ವಾರ್ಡಿಗೆ ಎರಡು, ಮೂರು, ನಾಲ್ಕು ಸ್ಥಾನ ಕೊಡುತ್ತಾರೆ. ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ವೋಟು. ಮೂರೂ ಹಾಕಬೇಕು ಅಂತ ಕಡ್ಡಾಯ ಇಲ್ಲ. ಒಂದು ಹಾಕಿ ಬರಬಹುದು. ಆದರೆ ನಾಲ್ಕು ಒತ್ತಿದರೆ ಮತಪತ್ರವೇ ಅಸಿಂಧು. ಒಬ್ಬರಿಗೇ ಮೂರು ಸಲ ಒತ್ತಿದರೆ ಅದು ಮೂರು ವೋಟು ಆಗುವುದಿಲ್ಲ. ನಮ್ಮ ಕಡೆ ಪ್ರತಿ ಸಲ ಪ್ರೀತಿ ಹೆಚ್ಚಾದ ಅಜ್ಜಿಯರು ಇದೇ ಮಾಡಿ ಬರುತ್ತಾರೆ.

ಎಣಿಕೆಯಲ್ಲಿ ಮೊದಲು ಮೀಸಲು ಸ್ಥಾನ ತುಂಬುತ್ತಾರೆ. ಅಂದರೆ ಹಿಂದುಳಿದ ವರ್ಗ ಅ ಮಹಿಳೆಯರಲ್ಲಿ ನೀವು ಮುಂದಿದ್ದರೆ ಸಾಕು. ಸಾಮಾನ್ಯ ಸ್ಥಾನಕ್ಕೆ ನಿಂತವನು ನಿಮಗಿಂತ 100 ಜಾಸ್ತಿ ತಗೊಂಡರೂ ನಿಮ್ಮ ಸ್ಥಾನ ನಿಮಗೇ. ಹಾಗಾಗಿ ನಿಮ್ಮ ನಿಜವಾದ ಎದುರಾಳಿ ಇಡೀ ವಾರ್ಡಲ್ಲ, ಅದೇ ವರ್ಗದ ಇನ್ನೊಬ್ಬ ಇಬ್ಬರು ಹೆಂಗಸರು. ಅವರು ಯಾರು ಅಂತ ಮೊದಲು ಪತ್ತೆ ಮಾಡಿ.

ಮೂರು_ವೋಟು
ನನ್ನ ಹೆಸರು ನೋಡಿ, ಕಥೆ ಗೊತ್ತಾಗುತ್ತದೆ. 2020ರಲ್ಲಿ ನಿಂತಿದ್ದೆ. ಡಿಸೆಂಬರ್ 22ಕ್ಕೆ ಮತದಾನ, 30ಕ್ಕೆ ಎಣಿಕೆ. ನಡುವೆ ಎಂಟು ದಿನ ನಾನು ಗೆದ್ದೇ ಇದ್ದೆ. ದಿನಾ ಚೀಟಿ ತಗೊಂಡು ಮನೆ ಮನೆ ಲೆಕ್ಕ ಕೂಡುವುದು, ದಿನಾ 40 ವೋಟು ಮುಂದೆ.

ಎಣಿಕೆ ದಿನ ಮಾಸ್ಕ್ ಹಾಕಿಕೊಂಡು ಮೇಜಿನ ಈಚೆ ನಿಂತಿದ್ದೆ. ಮತಪತ್ರ ಒಂದೊಂದೇ ಬಿಚ್ಚುತ್ತಿದ್ದರು. ನನ್ನ ಗುರುತು ಗ್ಯಾಸ್ ಸಿಲಿಂಡರ್. ಮೇಲಿನ ಸಾಲಿನಲ್ಲೂ ದೂರದಿಂದ ಹಾಗೇ ಕಾಣುವ ಇನ್ನೊಂದು ಗುರುತು. ಬಾಣದ ಸೀಲು ಸರಿಯಾಗಿ ಎರಡರ ನಡುವಿನ ಗೆರೆ ಮೇಲೆ ಕೂತಿದ್ದ ಒಂದು ಪತ್ರವನ್ನು ಆ ಅಧಿಕಾರಿ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ನಾನು ಉಸಿರು ಬಿಗಿ ಹಿಡಿದೆ. ಅಸಿಂಧು ಟ್ರೇಗೆ ಹಾಕಿದರು. ಅಂಥದ್ದು 11. ಸೋತಿದ್ದು 3ರಲ್ಲಿ.

ಆ 11ರಲ್ಲಿ ಒಂದು ನನ್ನ ಅತ್ತೆಯದು ಅಂತ ನನ್ನ ಹೆಂಡತಿಗೆ ಇವತ್ತಿಗೂ ಅನುಮಾನ. ಅತ್ತೆ ಎರಡು ಸೀಲು ಜಾಸ್ತಿ ಒತ್ತಿದ್ದೆ ಅಂತ ಒಪ್ಪಿಕೊಂಡು ಆಮೇಲೆ ಮಾತು ಬದಲಿಸಿದ್ದಾರೆ.

ಜೋಳದರೊಟ್ಟಿ
ನಮ್ಮ ಬೀದರ್ ಜಿಲ್ಲೆಯಲ್ಲಿ 2020ರಲ್ಲಿ ಮತಯಂತ್ರ ಇತ್ತು ನೋಡ್ರಿ. ಸೀಲಿನ ಗದ್ದಲನೇ ಇಲ್ಲ. ನಿಮಗೆಲ್ಲ ಕಾಗದ.

ಅರಳಿಕಟ್ಟೆ
ಎಂಟು ದಿನ ಗೆದ್ದೇ ಇದ್ದೆ 😂 ನಮ್ಮೂರಲ್ಲಿ ಒಂದೇ ಸ್ಥಾನಕ್ಕೆ ಹಾಗೆ ನಾಲ್ಕು ಜನ ಗೆದ್ದಿದ್ದರು.

ಬಸ್_ಬಾಬು
ಹಳೇಮೆಂಬರ್ ಲೆಕ್ಕ ಸರಿ. ಆದರೆ ಅದರ ಮುಂದಿನದ್ದು ಹೇಳಲಿಲ್ಲ, ಒಂಟಿ ವೋಟು. ಬೇಕಾದವರಿಗೆಲ್ಲ "ನನಗೊಂದೇ ಒತ್ತಿ, ಉಳಿದ ಎರಡು ಯಾರಿಗೂ ಬೇಡ" ಅಂತ ಕಿವಿಯಲ್ಲಿ ಹೇಳಬೇಕು. ಯಾಕೆಂದರೆ ಆ ಎರಡರಲ್ಲಿ ಒಂದು ನಿಮ್ಮ ಎದುರಾಳಿಗೆ ಬಿದ್ದರೆ ನಿಮ್ಮ ಮನೆಯವರೇ ನಿಮ್ಮನ್ನು ಸೋಲಿಸಿದ ಹಾಗೆ.

ಹಳೇಮೆಂಬರ್
ಹೇಳದೇ ಇದ್ದಿದ್ದು ಬೇಕಂತಲೇ. ನಾನು ಮೂರನೇ ಸಲ ಸೋತಿದ್ದು ಅದರಿಂದ. ನಾವು ಮೂರು ಜನ ಸೇರಿ ಒಂದೇ ಕರಪತ್ರ ಹಾಕಿದ್ದೆವು. ಒಬ್ಬರ ಮತದಾರರು ಇನ್ನಿಬ್ಬರಿಗೂ ಹಾಕಬೇಕು ಅಂತ ಮಾತು. ಗುಡಿಯಲ್ಲಿ ಕರ್ಪೂರ ಹಚ್ಚಿ ಆಣೆಯೂ ಆಯಿತು. ನನ್ನ ತಮ್ಮ ರಾತ್ರಿ ಹೋಗಿ ನಮ್ಮವರಿಗೆ ಒಂಟಿ ವೋಟು ಅಂತ ಹೇಳಿ ಬಂದ. ಬೆಳಗ್ಗೆ ಅದು ಊರಿಗೆಲ್ಲ ಗೊತ್ತು. ಉಳಿದ ಇಬ್ಬರೂ ಅದನ್ನೇ ಮಾಡಿದರು. ಮೂವರೂ ಸೋತೆವು. ಅವರಲ್ಲಿ ಒಬ್ಬ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ, ಅವನ ಹೊಲ ನನ್ನ ಹೊಲದ ಪಕ್ಕದಲ್ಲೇ ಇದೆ.

ಬಸ್_ಬಾಬು
ಅದು ನಿಮ್ಮ ತಮ್ಮನ ಬಾಯಿ ತಪ್ಪು, ಒಂಟಿ ವೋಟಿನ ತಪ್ಪಲ್ಲ.

ಸೊಪ್ಪಿನಬುಟ್ಟಿ
ಅಕ್ಕನಿಗೆ ನನ್ನ ಸಲಹೆ: ಯಾರ ಜೊತೆಗೂ ಪ್ಯಾನೆಲ್ ಮಾಡಬೇಡಿ, ಯಾರಿಗೂ ಬೇಡ ಅಂತಲೂ ಹೇಳಬೇಡಿ. "ನಿಮ್ಮ ಮೂರರಲ್ಲಿ ಒಂದು ನನಗಿರಲಿ" ಅಂತ ಮಾತ್ರ ಕೇಳಿ. ಬೇರೆಯವರ ಮನೆಯವರೂ ಆ ಒಂದನ್ನು ಕೊಡುತ್ತಾರೆ. ನಾನು ಗೆದ್ದಿದ್ದು ಹೀಗೆ. ನನ್ನ ಎದುರು ನಿಂತವಳ ನಾದಿನಿಯೇ ನನಗೆ ಹಾಕಿದ್ದಳು, ಎರಡು ವರ್ಷ ಆದ ಮೇಲೆ ಹೇಳಿದಳು.

ಕೆರೆಏರಿ
ಕೊನೇ ರಾತ್ರಿಯ ವಿಷಯಕ್ಕೆ ಬನ್ನಿ. ಯಾರೂ ಬಾಯಿ ಬಿಡುತ್ತಿಲ್ಲ.

ಬಸ್_ಬಾಬು
ನಮ್ಮ ಕಡೆ ಖರ್ಚು ಅಂದರೆ ಬಸ್ಸು. ಊರಿನ ಅರ್ಧ ಹುಡುಗರು ಬೆಂಗಳೂರಲ್ಲಿ. ಗಾಡಿ ಮಾಡಿ ಕರೆಸಬೇಕು, ದಾರಿಯಲ್ಲಿ ಊಟ, ವಾಪಸ್ ಬಿಡಬೇಕು. ನಾನು ಆ ಬಸ್ಸಿನಲ್ಲಿ ಬಂದವನೇ. ನಿಜ ಹೇಳಲಾ? ಒಬ್ಬರ ಬಸ್ಸಲ್ಲಿ ಬಂದೆ, ಇನ್ನೊಬ್ಬರ ಬಸ್ಸಲ್ಲಿ ಹೋದೆ, ವೋಟು ಮೂರನೆಯವರಿಗೆ ಹಾಕಿದೆ. ಮೂರು ವೋಟು ಇತ್ತಲ್ಲ, ಎಲ್ಲರಿಗೂ ಒಂದೊಂದು ಹಾಕಬಹುದಿತ್ತು ಅಂತ ಆಮೇಲೆ ಹೊಳೆಯಿತು.

ಕಾನೂನು_ಕಡ್ಡಿ
ನಗುವ ವಿಷಯ ಅಲ್ಲ. ದುಡ್ಡು ಹಂಚುವುದೂ ಅಪರಾಧ, ಮತದಾರರನ್ನು ಗಾಡಿಯಲ್ಲಿ ಸಾಗಿಸುವುದೂ ಅಪರಾಧ.

ಜೋಳದರೊಟ್ಟಿ
ಮತ್ತ ಹರಾಜು? ನಮ್ಮ ಕಡೆ ಒಂದು ಹಳ್ಯಾಗ ಗುಡಿ ಕಟ್ಟಲಿಕ್ಕೆ ಇಷ್ಟು ಲಕ್ಷ ಕೊಟ್ಟವರೇ ಮೆಂಬರ್ ಅಂತ ಕೂಗಿ ಬಿಟ್ಟಿದ್ದರು. ಅವಿರೋಧ ಆಯ್ಕೆ ಅಂತ ಹಾರ ಹಾಕಿದರು. ಎಲ್ಲರೂ ಒಳ್ಳೇದಾತು, ಜಗಳ ಇಲ್ಲ ಅಂದ್ರು.

ಅರಳಿಕಟ್ಟೆ
ಗುಡಿಗೆ ಹೋದರೆ ತಪ್ಪೇನು? ಮನೆ ಮನೆಗೆ ಹಂಚುವ ಬದಲು ಒಂದೇ ಕಡೆ ಹೋಯಿತು. ಊರಿಗೆ ಉಳಿಯಿತಲ್ಲ.

ಕಾನೂನು_ಕಡ್ಡಿ
ತಪ್ಪೇನು ಅಂದರೆ, ಟೈಲರಕ್ಕನಂಥವರು ಆ ಕಟ್ಟೆ ಹತ್ತಿರವೇ ಬರೋ ಹಾಗಿಲ್ಲ. ಲಕ್ಷ ಕೂಗುವವನು ಒಬ್ಬನೇ ಗಂಡಸು, ಕೂಗುವುದನ್ನು ನೋಡುವವರೂ ಗಂಡಸರೇ. 2020ರಲ್ಲಿ ಇಂಥ ಹರಾಜಿನ ಸುದ್ದಿ ಎಷ್ಟು ಕಡೆಯಿಂದ ಬಂತು ಅಂದರೆ ರಾಜ್ಯ ಚುನಾವಣಾ ಆಯೋಗವೇ ಕೇಸ್ ಹಾಕಿ ಅಂತ ಜಿಲ್ಲಾಧಿಕಾರಿಗಳಿಗೆ ಹೇಳಬೇಕಾಯಿತು. ಲಕ್ಷ ಕೊಟ್ಟವನು ಅದನ್ನು ವಾಪಸ್ ಎಲ್ಲಿಂದ ತೆಗೆಯುತ್ತಾನೆ? ಮೆಂಬರ್ ಗೌರವಧನ ತಿಂಗಳಿಗೆ 1,000 ಇದ್ದದ್ದು 2,000 ಆಯಿತು, ಅಷ್ಟೇ. ಐದು ವರ್ಷಕ್ಕೆ ಲೆಕ್ಕ ಹಾಕಿ.

ಅರಳಿಕಟ್ಟೆ
ಆಯ್ತು ಮಾರಾಯರೇ, ಕೇಳಿದೆ ಅಷ್ಟೇ.

ಟೈಲರಕ್ಕ
ಎಲ್ಲ ಓದಿದೆ. ಒಂದು ವಿಷಯ ಮೊದಲು ಹೇಳಬೇಕಿತ್ತು, ಹೇಳಿರಲಿಲ್ಲ. ಕಡ್ಡಿಯವರು ಗುತ್ತಿಗೆ ಅಂದಾಗ ಎದೆ ಧಸಕ್ ಅಂತು. ಮೈದುನ ಪಂಚಾಯ್ತಿಯ ಪೈಪ್‌ಲೈನ್ ಕೆಲಸ ಮಾಡುತ್ತಾನೆ. ಲೈಸೆನ್ಸ್ ಬೇರೆ ಯಾರದ್ದೋ. ನಮ್ಮ ಮನೆ ಬೇರೆಯಾಗಿ ನಾಲ್ಕು ವರ್ಷ ಆಯಿತು, ಪಡಿತರ ಚೀಟಿಯೂ ಬೇರೆ. ನನಗೆ ಅದರಲ್ಲಿ ಬಿಡಿಗಾಸೂ ಇಲ್ಲ. ತೊಂದರೆ ಆಗುತ್ತದಾ?

ಹಳೇಮೆಂಬರ್
ಓಹೋ. ಈಗ ಗೊತ್ತಾಯಿತು "ಸುಮ್ನೆ ಸೈನ್ ಹಾಕಿ" ಯಾಕೆ ಅಂತ. ಅವನಿಗೆ ಬೇಕಿರುವುದು ಮೆಂಬರ್ ಅಲ್ಲ, ತನ್ನ ಬಿಲ್ಲಿಗೆ ಸಭೆಯಲ್ಲಿ ತಕರಾರು ಮಾಡದ ಒಂದು ಕುರ್ಚಿ.

ಕಾನೂನು_ಕಡ್ಡಿ
ನಿಮಗೆ ನಿಜವಾಗಿಯೂ ಪಾಲಿಲ್ಲದಿದ್ದರೆ ನಿಲ್ಲುವುದಕ್ಕೆ ಅಡ್ಡಿ ಇಲ್ಲ. ಆದರೆ ಬ್ಯಾಂಕ್ ಖಾತೆ ನೋಡಿಕೊಳ್ಳಿ. ಎಷ್ಟೋ ಮನೆಯಲ್ಲಿ ಅಣ್ಣನ ಖಾತೆಗೆ, ಅತ್ತಿಗೆ ಖಾತೆಗೆ ಅಂತ ಬಿಲ್ಲಿನ ದುಡ್ಡು ಹಾಕಿಸಿರುತ್ತಾರೆ. ಎದುರಾಳಿ ಅದನ್ನೇ ಹಿಡಿದುಕೊಂಡು ಕೋರ್ಟಿಗೆ ಹೋದರೆ ಗೆದ್ದ ಮೇಲೂ ಓಡಾಟ ತಪ್ಪುವುದಿಲ್ಲ. ಗೆದ್ದ ಮೇಲೆ ಅವನ ಕೆಲಸದ ವಿಷಯ ಬಂದಾಗ ನೀವು ಆ ಚರ್ಚೆಯಲ್ಲಿ ಕೂರಬೇಡಿ. ನಡಾವಳಿ ಪುಸ್ತಕದಲ್ಲಿ ಹಾಗಂತ ಬರೆಸಿ.

ಟೈಲರಕ್ಕ
ಈಗಲೇ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುತ್ತೇನೆ.

ಸೊಪ್ಪಿನಬುಟ್ಟಿ
ಅವನು ಬಿಡುವುದಿಲ್ಲ ಅಕ್ಕ, ತಯಾರಾಗಿರಿ. ನನಗೆ ಗಂಡನದ್ದೇ ಕಾಟ ಇತ್ತು. ಗೆದ್ದ ಮೊದಲ ಸಭೆಗೆ ಅವರೇ ಬಿಳಿ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೊರಟರು. ನಾನು ಹಿಂದೆ. ಒಳಗೆ ಹೋದರೆ ನನ್ನ ಹೆಸರಿನ ಕುರ್ಚಿಯಲ್ಲಿ ಇನ್ನೊಬ್ಬ ಸದಸ್ಯೆಯ ಗಂಡ ಕೂತಿದ್ದಾರೆ, ಅವರ ಹೆಂಡತಿ ಹೊರಗೆ ಮಗು ಹಿಡಿದುಕೊಂಡು ನಿಂತಿದ್ದಾಳೆ. ನಾನು ಕೂರಲಿಲ್ಲ. ಹಾಜರಿ ಪುಸ್ತಕ ಕೊಡಿ ಅಂದೆ. ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಆ ಗಂಡಸರ ಕೈಗೆ ಕೊಡಲು ಹೋದರು. "ಸಾರ್, ಇವರು ಯಾವ ವಾರ್ಡಿನ ಸದಸ್ಯರು?" ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಎಲ್ಲರೂ ನಕ್ಕರು, ಅವರು ಎದ್ದು ಹೋದರು. ನಮ್ಮವರೂ ಮೆಲ್ಲಗೆ ಹೊರಗೆ ಹೋದರು. ಆ ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮೂರು ದಿನ ಕಳೆದ ಮೇಲೆ "ಸಾರಿಗೆ ಉಪ್ಪು ಕಮ್ಮಿ" ಅಂದರು, ಅಲ್ಲಿಂದ ಸರಿಹೋಯಿತು.

ಜೋಳದರೊಟ್ಟಿ
ಉಪ್ಪು ಕಮ್ಮಿ 😂

ಕೆರೆಏರಿ
50 ಭಾಗ ಮಹಿಳೆಯರಿಗೆ ಅಂತ ಮಾಡಿದಾಗಲೇ ಗೊತ್ತಿತ್ತು, ಗಂಡಂದಿರೇ ಆಳುತ್ತಾರೆ ಅಂತ. ಸುಮ್ನೆ ಮೀಸಲಾತಿ.

ಸೊಪ್ಪಿನಬುಟ್ಟಿ
ಸುಮ್ನೆ ಅಂತ ಇಲ್ಲಿ ಯಾರೂ ಅನ್ನಬೇಡಿ ದಯವಿಟ್ಟು, ಆ ಪದ ಈಗಾಗಲೇ ಅಕ್ಕನ ಗಂಟಲಲ್ಲಿದೆ. ಮೀಸಲಾತಿ ಇಲ್ಲದಿದ್ದರೆ ನಾನು ಆ ಬಾಗಿಲ ತನಕವೂ ಹೋಗುತ್ತಿರಲಿಲ್ಲ. ಗಂಡ ಕೂತರೆ ಎಬ್ಬಿಸಬಹುದು. ಕುರ್ಚಿಯೇ ಇಲ್ಲದಿದ್ದರೆ ಯಾರನ್ನು ಎಬ್ಬಿಸುವುದು?

ಹಳೇಮೆಂಬರ್
ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. ಸಂವಿಧಾನ ತಿದ್ದುಪಡಿಗೆ ಮುಂಚೆಯೇ, 1987ರ ಜಿಲ್ಲಾ ಪರಿಷತ್, ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಮಹಿಳೆಯರಿಗೆ ನಾಲ್ಕರಲ್ಲಿ ಒಂದು ಪಾಲು ಇತ್ತು. ಪಂಚಾಯ್ತಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್‌ಸಾಬ್ ಕಾಲ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್‌ಸಾಬ್ ಅಂತ ಹೆಸರಾದವರು. ನಮ್ಮ ಅಪ್ಪ ಆಗ ಮಂಡಲ ಪಂಚಾಯ್ತಿ ಸದಸ್ಯ. ಅರ್ಧ ಪಾಲು ಆಗಿದ್ದು 2010ರ ತಿದ್ದುಪಡಿಯಲ್ಲಿ.

ಅರಳಿಕಟ್ಟೆ
ಆ ಬೋರ್‌ವೆಲ್ ಕೈಪಂಪು ನಮ್ಮೂರಲ್ಲಿ ಇನ್ನೂ ಇದೆ. ಒತ್ತಿದರೆ ಗಾಳಿ ಬರುತ್ತದೆ.

ಬಿಲ್‌ಕಲೆಕ್ಟರ್_ಮಗ
ನೀರಿನ ಮಾತಿಗೆ ವಾಪಸ್ ಬರೋಣ. ಅಪ್ಪ ಪಂಚಾಯ್ತಿಯಲ್ಲಿ 20 ವರ್ಷ ಕೆಲಸ ಮಾಡಿದವರು, ಅವರಿಂದ ಕೇಳಿದ್ದು ಹೇಳುತ್ತೇನೆ. ಒಂದು ಬೀದಿಗೆ ದಿನಾ, ಇನ್ನೊಂದಕ್ಕೆ ಮೂರು ದಿನಕ್ಕೊಮ್ಮೆ ಅಂದರೆ ನೀರು ಕಮ್ಮಿ ಅಂತಲ್ಲ. ವಾಲ್ವ್. ನೀರುಗಂಟಿ ಯಾರ ಮಾತು ಕೇಳಿ ತಿರುಗಿಸುತ್ತಾನೆ ಅನ್ನೋದೇ ಪ್ರಶ್ನೆ. ಆ ಮನುಷ್ಯನ ಜೊತೆ ಜಗಳ ಆಡಬೇಡಿ, ಅವನಿಗೆ ಸಂಬಳ ಎಷ್ಟು ತಿಂಗಳಿಂದ ಬಂದಿಲ್ಲ ಅಂತ ಮೊದಲು ಕೇಳಿ.

ಇನ್ನೊಂದು, ದುಡ್ಡಿಲ್ಲ ಅಂದರೆ ನಂಬಬೇಡಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದರು. ಎಲ್ಲಿ ಖರ್ಚಾಯಿತು ಅಂತ ಜಮಾಬಂದಿಯಲ್ಲಿ, ಅಂದರೆ ಪಂಚಾಯ್ತಿಯ ವರ್ಷದ ಲೆಕ್ಕವನ್ನು ಜನರ ಮುಂದೆ ನೋಡುವ ಸಭೆಯಲ್ಲಿ, ಕೇಳಬಹುದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಮಾಡಬೇಕು. ಅದಕ್ಕೆ ಮೆಂಬರ್ ಆಗಬೇಕಂತಲೂ ಇಲ್ಲ. ವಾರ್ಡ್ ಸಭೆ, ಗ್ರಾಮ ಸಭೆ ಯಾವತ್ತಾದರೂ ಹೋಗಿದ್ದೀರಾ?

ಟೈಲರಕ್ಕ
ಇಲ್ಲ. ನಮ್ಮಲ್ಲಿ ಗ್ರಾಮ ಸಭೆ ಅಂದರೆ ಪುಸ್ತಕ ಮನೆಗೆ ಬರುತ್ತದೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಬ್ಲೌಸ್ ಹೊಲಿಯುತ್ತಾ ನಾನೂ ಹಾಕಿದ್ದೇನೆ. ಈಗ ಬರೆಯುವಾಗ ನಾಚಿಕೆ ಆಗುತ್ತಿದೆ.

ಬಿಲ್‌ಕಲೆಕ್ಟರ್_ಮಗ
ಎಲ್ಲರೂ ಹಾಕಿದ್ದಾರೆ ಬಿಡಿ. ಮುಂದಿನ ಸಲ ಪುಸ್ತಕ ಬಂದಾಗ "ಸಭೆ ಎಲ್ಲಿ, ನಾನೇ ಬರುತ್ತೇನೆ" ಅನ್ನಿ.

ಮೂರು_ವೋಟು
ಕೊನೇ ಮಾತು, ಸೋತವನಿಂದ. ಮೀಸಲಾತಿಯ ಅಂತಿಮ ಪಟ್ಟಿ ಬರೋವರೆಗೂ ಒಂದು ಕರಪತ್ರವನ್ನೂ ಅಚ್ಚು ಹಾಕಿಸಬೇಡಿ, ಕರಡು ಪಟ್ಟಿ ಬದಲಾಗುತ್ತದೆ. ಮತದಾರರ ಪಟ್ಟಿ ತಗೊಂಡು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರು ಸತ್ತಿದ್ದಾರೆ, ಯಾರು ಮದುವೆಯಾಗಿ ಹೋದರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಅವರಿಗಿಂತ ಚೆನ್ನಾಗಿ ಯಾವ ಪಕ್ಷದ ಕಚೇರಿಗೂ ಗೊತ್ತಿಲ್ಲ. ಮಾದರಿ ಮತಪತ್ರದ ಮೇಲೆ ಒತ್ತುವುದನ್ನು ಎಲ್ಲರಿಗೂ ತೋರಿಸಿ. ಅತ್ತೆಗೆ ಎರಡು ಸಲ ತೋರಿಸಿ.

ಟೈಲರಕ್ಕ
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಪಾಸ್‌ಬುಕ್ ನೋಡಿದೆ, ಮೈದುನನ ದುಡ್ಡು ಯಾವುದೂ ಬಂದಿಲ್ಲ. ತವರಿಗೆ ಹೋಗಿ ಶಾಲೆ ದಾಖಲೆ ತಂದೆ. ನಿನ್ನೆ ರಾತ್ರಿ ಅತ್ತೆ ಜೊತೆ ಪಟ್ಟಿ ಓದಿದೆವು. ಸತ್ತವರೇ 19 ಜನ ಸಿಕ್ಕರು, ಅದರಲ್ಲಿ ನಮ್ಮ ಮಾವ ಒಬ್ಬರು. ಅತ್ತೆ ಆ ಹೆಸರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಮುಂದೆ ಓದು" ಅಂದರು.

ಮೈದುನನಿಗೂ ಹೇಳಿದೆ. ಸಹಿ ಹಾಕುತ್ತೇನೆ, ಆದರೆ ಓದಿ ಹಾಕುತ್ತೇನೆ ಅಂತ. ಹಾಗಾದರೆ ನಾನು ಇನ್ನೊಬ್ಬರನ್ನು ನಿಲ್ಲಿಸುತ್ತೇನೆ ಅಂದು ಎದ್ದು ಹೋದ. ಅವನ ಹೆಂಡತಿ ಇವತ್ತು ಬೆಳಗ್ಗೆ ಬ್ಲೌಸ್ ಬಟ್ಟೆ ಕೊಡುವ ನೆಪದಲ್ಲಿ ಬಂದಿದ್ದಳು. ಅವನು ನಿಲ್ಲಿಸಬೇಕು ಅಂತಿರೋ ಹೆಂಗಸು ಯಾರು ಅಂತ ಹೇಳಿ ಹೋದಳು.

ಇನ್ನೊಂದೇ ಪ್ರಶ್ನೆ. ಹೊಲಿಗೆ ಯಂತ್ರದ ಗುರುತು ಕೇಳಿದರೆ ಕೊಡುತ್ತಾರಾ?

ಕಾನೂನು_ಕಡ್ಡಿ
ಪಂಚಾಯ್ತಿಗೆ ಪಕ್ಷದ ಗುರುತು ಇಲ್ಲ, ಆಯೋಗದ ಮುಕ್ತ ಗುರುತುಗಳ ಪಟ್ಟಿಯಿಂದ ಕೊಡುತ್ತಾರೆ. ಆ ಪಟ್ಟಿಯಲ್ಲಿ ಇದ್ದರೆ ಕೇಳಿ. ಇಬ್ಬರು ಕೇಳಿದರೆ ಚೀಟಿ ಎತ್ತುತ್ತಾರೆ.

ಮೂರು_ವೋಟು
ಸಿಲಿಂಡರ್ ಮಾತ್ರ ಬೇಡ.